ಡಬ್ಬಿಯ ಮೇಲಿನ ಫಲರಸಾಯನ

ನಾಗಪುರ
ಜಯ ಸಂವತ್ಸರದ ಮಾರ್ಗಶಿರ

ಫಲವೃಕ್ಷ ಸಂರಕ್ಷಣಾಧಿಕಾರಿಗಳ ಸನ್ನಿಧಿಗೆ

ಮಾನ್ಯರೇ,

ತಮ್ಮ ಕಚೇರಿಯು ಹುಳು ಕೊಲ್ಲುವ ವಿಷವೊಂದಕ್ಕೆ ‘ಫಲರಸಾಯನ’ ಎಂಬ ಪಾರಿಭಾಷಿಕ ಪದವನ್ನು ದಯಪಾಲಿಸಿದೆ. ಆ ಪದವನ್ನು ನಂಬಿ ನಾನು ಆ ವಿಷವನ್ನು ಉಂಡೆನು. ಈಗ ನನ್ನ ಸೊಸೆ ಕೃಷ್ಣವೇಣಿಯು ಮಾವನಿಗೆ ವಿಷವಿಕ್ಕಿದಳೆಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಂಡಿದ್ದಾರೆ. ಪದ ತಮ್ಮದು, ಹೊಟ್ಟೆ ನನ್ನದು, ಅಪವಾದ ಅವಳದು. ಈ ಹಂಚಿಕೆಯು ಸಮವಾದುದಲ್ಲವೆಂದು ಅರಿಕೆ ಮಾಡಿಕೊಳ್ಳಲು ಈ ಪತ್ರ. ತಮಗೆ ಇದರ ಹಿಂದಿ ಪ್ರತಿಯನ್ನು ಕಳುಹಿಸಿದ್ದೇನೆ. ಕನ್ನಡ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದು, ರಸಾಯನವನ್ನು ತಿನ್ನುವ ಜನ ಕನ್ನಡದವರಾದ ಕಾರಣ.

ಕಳೆದ ಕಾರ್ತಿಕ ಶುದ್ಧ ಏಕಾದಶಿಯಂದು ತಮ್ಮ ಜವಾನನು, ರೈಲ್ವೆ ನೌಕರನಾದ ನನ್ನ ಮಗ ಉಮಾಕಾಂತನ ಮನೆಗೆ ಬಂದು ಒಂದು ತಗಡಿನ ಡಬ್ಬಿಯನ್ನು ಕೊಟ್ಟನು. ಮೇಲೆ ‘ಫಲರಸಾಯನ’ ಎಂಬ ಬರಹ, ಒಳಗೆ ಬಿಳಿಯ ಪುಡಿ. ಏತಕ್ಕೆಂದು ಕೇಳಿದ್ದಕ್ಕೆ “ಫಳಾಂಸಾಠೀ, ಆಜೋಬಾ”, ಹಣ್ಣಿಗಾಗಿ ಅಜ್ಜ, ಎಂದು ಹೇಳಿ ಸೈಕಲ್ ಹತ್ತಿದನು. ಹಿತ್ತಲಿನ ಕಿತ್ತಳೆ ಗಿಡಕ್ಕೆಂದು ಕೊಟ್ಟದ್ದು ಅದು ಎಂಬುದನ್ನು ಈಗ ಬಲ್ಲೆ.

ಸೊಸೆ ಅಂದೇ ಶಂಕಿಸಿದಳು. “ಮಾವನೋರೆ, ಸರ್ಕಾರದೋರು ಸುಮ್‌ಸುಮ್ನೆ ಸಕ್ಕರೆ ಹಂಚ್ತಾರಾ? ಅವರು ಡ್ಯೂಟಿಯಿಂದ ಬರ್ಲಿ, ಕೇಳೋಣ.” ನಲವತ್ತು ವರ್ಷ ಸಂಸ್ಕೃತ ಬೋಧಿಸಿದ ನಾನು ಒಂದು ಶಬ್ದದ ಅರ್ಥಕ್ಕೆ ಮಗನನ್ನು ಕಾಯುವುದೆ? ರಸಾಯನವೆಂದರೆ ಮುಪ್ಪನ್ನೂ ರೋಗವನ್ನೂ ಕಳೆಯುವುದೆಂದು ವೈದ್ಯಶಾಸ್ತ್ರ; ಬಾಳೆಹಣ್ಣು, ಬೆಲ್ಲ, ತೆಂಗಿನಹಾಲು ಎಂದು ನಮ್ಮ ಅಡಿಗೆಮನೆ. ವ್ಯುತ್ಪತ್ತಿಯನ್ನು ಹೇಳಿ ಅವಳ ಬಾಯಿ ಮುಚ್ಚಿಸಿದೆನು. ದ್ವಾದಶಿಯ ನೈವೇದ್ಯಕ್ಕೆ ಮಾಡುವ ರಸಾಯನದಲ್ಲಿ ಆ ಪುಡಿಯನ್ನು ಅರ್ಧ ಚಮಚ ಬೆರೆಸೆಂದು ಅಪ್ಪಣೆ ಮಾಡಿದವನು ನಾನು.

ನೈವೇದ್ಯಕ್ಕೆ ಮೊದಲು ರುಚಿ ನೋಡಬಾರದೆಂಬ ನಿಯಮವು ಅವಳನ್ನು ಕಾಪಾಡಿತು. ಪಾರಣೆಗೆ ಎಲ್ಲರಿಗಿಂತ ಮೊದಲು ಕುಳಿತ ನನ್ನನ್ನು ಕಾಪಾಡಲು ಯಾವ ನಿಯಮವೂ ಇರಲಿಲ್ಲ. ಗಂಟಲು ಉರಿದು ವಾಂತಿ ಹತ್ತಿತು. ತನ್ನ ಮನೆಗೂ ಅಂಥದೇ ಡಬ್ಬಿ ಬಂದಿದ್ದ ನೆರೆಯ ಲೀಲಾಬಾಯಿ ಓಡಿಬಂದು, “ಅಗಬಾಯೀ! ಹೇ ತರ್ ಝಾಡಾಚಂ ಔಷಧ!” ಎಂದು ಚೀರಿದಳು. ಗಿಡದ ಔಷಧವಂತೆ. ಔಷಧವಾದಮೇಲೆ ಇಷ್ಟು ವಾಂತಿ ಏಕೆಂದು ನಾನು ವಿಚಾರ ಮಾಡುತ್ತಿರುವಾಗಲೇ ಪ್ರಜ್ಞೆ ತಪ್ಪಿತು. ಐದು ದಿನ ಆಸ್ಪತ್ರೆ. ತಮ್ಮ ಪುಡಿಯು ಶಾಸ್ತ್ರಕ್ಕೆ ವಿರುದ್ಧವೆಂದು ನಾನು ಹೇಳಲಾರೆ: ಪ್ರಾಯದಲ್ಲಿ ಉಂಡವರಿಗೆ ಮುಪ್ಪು ಖಂಡಿತವಾಗಿ ಬಾರದು.

ಆಸ್ಪತ್ರೆಗೆ ಬಂದ ಪೊಲೀಸ್ ಜಮಾದಾರನು, “ಬಹೂ ಸೇ ಝಗಡಾ ಥಾ ಕ್ಯಾ, ಬಾಬಾ?”, ಸೊಸೆಯೊಡನೆ ಜಗಳವಿತ್ತೆ, ಎಂದು ಕೇಳಿದನು. ಸುಳ್ಳಾಡುವ ಅಭ್ಯಾಸವಿಲ್ಲದ ನಾನು, ಹಿಂದಿನ ದಿನ ವ್ಯುತ್ಪತ್ತಿಯ ವಿಷಯದಲ್ಲಿ ಸ್ವಲ್ಪ ವಾದವಾಗಿತ್ತೆಂದೆನು. ಅವನು ಜಗಳವಿತ್ತೆಂದು ಬರೆದುಕೊಂಡನು.

ಬಳಿಕ ಠಾಣೆಯವರು ತಮ್ಮನ್ನು ವಿಚಾರಿಸಲಾಗಿ, ತಮ್ಮ ಉತ್ತರ: “ಸದರಿ ವಸ್ತುವು ಉಗ್ರವಾದ ವಿಷ. ಪದವು ಸಮಿತಿಯಿಂದ ಅಂಗೀಕೃತ. ಅರ್ಥವು ಸುಶಿಕ್ಷಿತರಿಗೆ ಸ್ಪಷ್ಟ. ಸದರಿ ಮನೆಯಲ್ಲಿ ಪದದ ಅಪಪ್ರಯೋಗವಾಗಿದೆ.” ಅರ್ಥ ಸ್ಪಷ್ಟವಿದ್ದಮೇಲೆ ಸೊಸೆ ತಿಳಿದೇ ಹಾಕಿರಬೇಕೆಂದು ಠಾಣೆಯ ತರ್ಕ. ಠಾಣೆಗೆ ಬರೆಯುವಾಗ ವಿಷವೆಂಬ ಮಾತು ಇಷ್ಟು ಸಲೀಸಾಗಿ ಒದಗಿದ ಲೇಖನಿಗೆ, ಡಬ್ಬಿಯ ಮೇಲೆ ಬರೆಯುವಾಗ ಏನಾಗಿತ್ತು? ಸಂಸ್ಕೃತ, ಹಿಂದಿ, ಮರಾಠಿ, ಕನ್ನಡ ನಾಲ್ಕರಲ್ಲಿಯೂ ಆ ಮಾತಿಗೆ ಒಂದೇ ಅರ್ಥ. ಎರಡೇ ಅಕ್ಷರ. ಸಮಿತಿಯು ಸಭೆ ಸೇರಬೇಕಾದಷ್ಟು ಕ್ಲಿಷ್ಟವಾದ ಪದವೆ ಅದು?

ಆದ್ದರಿಂದ ಡಬ್ಬಿಯ ಮೇಲೆ ‘ವಿಷ’ ಎಂದು ದಪ್ಪಕ್ಷರದಲ್ಲಿ ಬರೆಯಿಸಿ, ತಲೆಬುರುಡೆಯ ಚಿತ್ರವನ್ನೂ ಹಾಕಿಸಿ. ಆ ಚಿತ್ರವು ಓದು ಬಾರದವರಿಗಾಗಿ ಅಲ್ಲ. ಲೀಲಾಬಾಯಿಗೆ ಓದು ಬಾರದು, ಅವಳಿಗೆ ತಿಳಿದಿತ್ತು. ಚಿತ್ರ ನನ್ನಂಥವರಿಗಾಗಿ.

ಅದಕ್ಕೂ ಮೊದಲು, ಡಬ್ಬಿಯ ಮೇಲೆ ವಿಷವೆಂದು ಬರೆದಿರಲಿಲ್ಲ ಎಂಬ ಒಂದು ಸಾಲನ್ನು ಠಾಣೆಗೆ ಕಳುಹಿಸಿ. ಅಪ್ಪಣೆ ನನ್ನದೆಂದು ನಾನು ಮೂರು ಸಲ ಹೇಳಿದರೂ, ಮನೆಯ ಮಾನಕ್ಕಾಗಿ ಮುದುಕ ಸುಳ್ಳಾಡುತ್ತಾನೆಂದು ಅವರ ಎಣಿಕೆ. ಸೊಸೆ ಈಗ ಅಡಿಗೆ ಮಾಡಿ ಮುಚ್ಚಿಟ್ಟು ದೂರ ನಿಲ್ಲುತ್ತಾಳೆ. “ನೀವೇ ಬಡಿಸ್ಕೊಳ್ಳಿ ಮಾವನೋರೆ. ಮೊದ್ಲು ನಾನು ತಿಂದು ತೋರಿಸ್ಲಾ?” ಎನ್ನುತ್ತಾಳೆ. ಐದು ದಿನದ ಆಸ್ಪತ್ರೆಯಲ್ಲಿ ಇಳಿದ ವಿಷವು ಈ ಮಾತಿನಿಂದ ದಿನಕ್ಕೆರಡು ಸಲ ಏರುತ್ತಿದೆ. ಬರುವ ದ್ವಾದಶಿಗೆ ಅವಳ ಕೈಯಿಂದಲೇ ನನ್ನ ಎಲೆಗೆ ಬೀಳಬೇಕು. ಅಷ್ಟರೊಳಗೆ ತಮ್ಮ ಸಾಲು ಠಾಣೆಗೆ ತಲುಪಲಿ.

ಇಂತಿ,
ತಮ್ಮ ಪದದ ಅಪಪ್ರಯೋಗದಿಂದ ಬದುಕಿ ಉಳಿದ
ವ್ಯಾಸರಾಜ
ನಿವೃತ್ತ ಸಂಸ್ಕೃತ ಪಂಡಿತ, ಸುಶಿಕ್ಷಿತ