ಸತ್ತ ಅಧ್ಯಕ್ಷರ ಚಹಾ

ಬರ್ ದುಬೈ, 15-2-2014

ಪ್ರೀತಿಯ ತಂಗಿ,

ಚಿಕ್ಕಂದಿನಲ್ಲಿ ನಿನಗೆ ಇಂಕಾ ಅರಸರ ಬಗ್ಗೆ ಓದಿ ಹೇಳಿದ್ದು ನೆನಪಿದೆಯೇ? ಅರಸ ಸತ್ತರೂ ಅರಮನೆ, ಜಮೀನು ಅವನದೇ. ಒಣಗಿಸಿಟ್ಟ ದೇಹವನ್ನು ಸಭೆಗೆ ಹೊತ್ತು ತಂದು, ಮುಂದೆ ಮದ್ಯ ಇಟ್ಟು, ಸೇವಕರ ಬಾಯಿಂದ ಅವನ ಅಪ್ಪಣೆ ಕೇಳುತ್ತಿದ್ದರು. ಹೊಸ ಅರಸನಿಗೆ ಪಟ್ಟ ಮಾತ್ರ.

ನಿನ್ನೆ ಅದನ್ನು ಇಲ್ಲಿ ಕಣ್ಣಾರೆ ಕಂಡೆ. ಊರಿನವರ ಸಂಘಕ್ಕೆ ನನ್ನ ಮಗಳು ಶರ್ಮಿಳಾ ಹೊಸ ಅಧ್ಯಕ್ಷೆ. ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ತೀರಿಹೋದ ಸ್ಥಾಪಕ ಅಧ್ಯಕ್ಷರ ಫೋಟೊ, ಅದರ ಮುಂದೆ ಬಿಸಿ ಚಹಾ! ಅವಳು ನಿಂತುಕೊಂಡೇ, ಮಕ್ಕಳಿಗೆ ಶುಕ್ರವಾರ ಕನ್ನಡ ತರಗತಿ ನಡೆಸೋಣ ಎಂದಳು. ಕಾರ್ಯದರ್ಶಿ ಗುಣಪಾಲ ಫೋಟೊದತ್ತ ಕೈ ತೋರಿಸಿ, “ಧಣಿಗಳು ಇದ್ದಿದ್ರೆ ಇದಕ್ಕೆ ಒಪ್ತಿರ್ಲಿಲ್ಲ ಮಾರಾಯ್ರೆ” ಎಂದ. ಎಲ್ಲರೂ ತಲೆಯಾಡಿಸಿದರು. ನನಗೆ ಮೈ ಉರಿಯಿತು. ಎದ್ದು ಹೋಗಿ ಆ ಚಹಾ ಕುಡಿದುಬಿಟ್ಟೆ.

“ಅಯ್ಯೋ, ಅದು ಧಣಿಗಳದ್ದು!” ಎಂದು ಗುಣಪಾಲ ಕೂಗಿದ.

“ಅವರು ಬೇಡ ಅಂದ್ರಾ?” ಎಂದೆ.

ಸಭೆ ನಕ್ಕಿತು. ಶರ್ಮಿಳಾ ಫೋಟೊವನ್ನು ಗೋಡೆಗೆ ತೂಗುಹಾಕಿ, ಕುರ್ಚಿಯಲ್ಲಿ ಕುಳಿತು, ಇಲ್ಲಿಯ ಅರಬರ ಹಾಗೆ, “ಯಲ್ಲಾ, ಶುರು ಮಾಡುವ! ಕಲಿಸ್ಲಿಕ್ಕೆ ಯಾರು ಬರ್ತೀರಿ?” ಎಂದಳು.

ಚಹಾಕ್ಕೆ ಸಕ್ಕರೆ ವಿಪರೀತ ಇತ್ತು. ಮಾತ್ರೆ ತೆಗೆದುಕೊಂಡಿದ್ದೇನೆ, ಚಿಂತೆ ಬೇಡ. ಮೊದಲ ಪಾಠ ನನ್ನ ತಲೆಗೇ ಬಿದ್ದಿದೆ. ನಾಲ್ಕು ಅಕ್ಷರಮಾಲೆ ಪುಸ್ತಕ ಬೇಗ ಕಳಿಸು.

ನಿನ್ನ ಅಣ್ಣ