ಹೆಗಲ ಮೇಲಿನ ಕೈ

ತೇಲೂರು,
ಇಸವಿ 2417, ಹದಿಮೂರನೆಯ ತಿಂಗಳ ಮೊದಲ ಸೋಮವಾರ

ಹಿಂದಿನ ಕಾಲದ ಹಿರಿಯರಿಗೆ ಮುಕ್ತಾಬಾಯಿಯ ನಮಸ್ಕಾರಗಳು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನೂರು ವರ್ಷಗಳಲ್ಲಿ ಕನ್ನಡ ಬಹಳ ಸವೆದಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಇಲ್ಲಿನವರ ಮುಖ ನೋಡಿ ಹೇಳಲು ಇನ್ನೂ ನಾಚಿಕೆ, ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ.

ನಮ್ಮೂರು ಕಾರವಾರದ ಆಚೆ ಕಡಲ ಮೇಲೆ ತೇಲುತ್ತದೆ. ಮನೆಗಳನ್ನು ಒಂದಕ್ಕೊಂದು ಹಗ್ಗದಿಂದ ಕಟ್ಟಿದ್ದೇವೆ. ಪಕ್ಕದವರು ಜೋರಾಗಿ ನಡೆದರೆ ನಮ್ಮ ಗಂಜಿ ತುಳುಕುತ್ತದೆ. ಇಂಥ ಊರಿನಲ್ಲಿ ಒಬ್ಬರು ಗಾಬರಿಬಿದ್ದರೆ ಎಲ್ಲರಿಗೂ ಅಪಾಯವೆಂದು ನಮ್ಮೂರ ಹಿರಿಯರು ಆರು ವರ್ಷದ ಮಕ್ಕಳಿಗೆ ದೀಪದ ಪರೀಕ್ಷೆ ಇಟ್ಟರು. ನೀಲಿ ದೀಪ ಹತ್ತಿದರೆ ಬೆನ್ನಿಗೆ ತಣ್ಣೀರು ಬೀಳುತ್ತದೆ, ಹಸಿರು ಹತ್ತಿದರೆ ಏನೂ ಇಲ್ಲ. ನೀಲಿಗೆ ಹೆದರಲು ಎಲ್ಲ ಮಕ್ಕಳೂ ಕಲಿಯುತ್ತವೆ, ಅದು ಬುದ್ಧಿ. ಹಸಿರಿಗೂ ಬೆಚ್ಚುವ ಮಗುವನ್ನು ‘ಬೆರಕೆಗಣ್ಣು’ ಎನ್ನುತ್ತೇವೆ. ಅಪಾಯ ಯಾವುದು, ಅಲ್ಲದ್ದು ಯಾವುದು ಎಂದು ಬೇರೆ ಮಾಡಲಾಗದ ಹುಟ್ಟು ಅಂಜುಬುರುಕ ಎಂದರ್ಥ. ಅಂಥ ಮಗುವನ್ನು ತಾಯಿಯಿಂದ ಬಿಡಿಸಿ ದಡದ ತಂಪುಮನೆಗೆ ಕಳಿಸುತ್ತಾರೆ. ಅಲ್ಲಿ ಸದ್ದಿಲ್ಲ, ಅಲೆಯಿಲ್ಲ. ದೊಡ್ಡವರಾದ ಮೇಲೂ ಅವರ ಕೈಗೆ ದೋಣಿ ಕೊಡುವುದಿಲ್ಲ.

ಮಗುವನ್ನು ಒಂಟಿಯಾಗಿ ಕೂರಿಸುವುದು ಕ್ರೂರವೆಂದು, ಪರೀಕ್ಷೆ ಮಾಡುವವರು ಧೈರ್ಯಕ್ಕೆ ಅದರ ಹೆಗಲ ಮೇಲೆ ಕೈ ಇಟ್ಟಿರುವುದು ನಮ್ಮ ಪದ್ಧತಿ. ಆ ಕೈ ನನ್ನದು. ನಾನೋ ಮೊದಲಿನಿಂದ ಪುಕ್ಕಲಿ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವವಳು. ಈ ಪರೀಕ್ಷೆ ಊರಿಗೆ ಬರುವ ಹೊತ್ತಿಗೆ ದೊಡ್ಡವಳಾಗಿದ್ದೆ, ಬಚಾವಾದೆ.

ಇವತ್ತು ಹೊನ್ನಿ ಎಂಬ ಹುಡುಗಿ ಹಸಿರಿಗೆ ಬೆಚ್ಚಿದಳು. ಬೆರಕೆಗಣ್ಣು ಎಂದು ಹೇಳಿಬಿಟ್ಟೆ. ಅವಳ ತಾಯಿ ಅಲ್ಲೇ ಕುಸಿದು ಕೂತಳು. ಹುಡುಗಿ ಮಾತ್ರ ನನ್ನತ್ತ ತಿರುಗಿ ಹೇಳಿದಳು: “ಅಕ್ಕೋರೆ, ಹಸಿರು ಬಂದ್ರೆ ನೀರು ಬೀಳೂದಿಲ್ಲ ಅಂತ ನಂಗೆ ಗೊತ್ತದೆ. ಆದ್ರೆ ಅದು ಬಂದಾಗೆಲ್ಲ ನೀವು ನನ್ನ ಹೆಗಲು ಗಟ್ಟಿ ಹಿಡೀತ್ರಿ. ಏನೋ ಆಗ್ತದೆ ಅಂತ ಹೆದ್ರಿದೆ.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ನಮ್ಮೂರಿನಲ್ಲಿ ಅದಕ್ಕೆ ಭೂಮಿಯೂ ಇಲ್ಲ. ಹುಡುಗಿ ಹೇಳಿದ್ದು ನಿಜ. ಈ ಮಗು ಬೆಚ್ಚಿದರೆ ಕಳಿಸಬೇಕಲ್ಲ ಎಂಬ ಹೆದರಿಕೆಗೆ, ಹಸಿರು ಹತ್ತಿದಾಗಲೇ ನನ್ನ ಕೈ ಬಿಗಿಯುತ್ತದೆ. ನನ್ನ ಹೆದರಿಕೆಯನ್ನು ಮಕ್ಕಳಿಗೆ ಕಲಿಸಿ, ಅದು ಅವರ ಹುಟ್ಟುಗುಣ ಎಂದೆ. ತಂಪುಮನೆಯಲ್ಲಿರುವ ಮಕ್ಕಳಲ್ಲಿ ನಿಜಕ್ಕೂ ಅಂಜುವವರು ಎಷ್ಟು, ನನ್ನ ಕೈ ಕಲಿಸಿದವರು ಎಷ್ಟು, ದೇವರಿಗೇ ಗೊತ್ತು.

ನಾಳೆ ಬೆಳಿಗ್ಗೆ ಹೊನ್ನಿಯನ್ನು ಒಯ್ಯುವ ದೋಣಿ ಬರುತ್ತದೆ. ಅದಕ್ಕೂ ಮುಂಚೆ, ಅವಳನ್ನು ಈ ಸಲ ಒಂಟಿಯಾಗಿ ಕೂರಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಹಿರಿಯರನ್ನು ಕೇಳುತ್ತೇನೆ. ಯಾಕೆ ಎನ್ನುತ್ತಾರೆ. ಆಗ ಅವರದೇ ಹೆಗಲ ಮೇಲೆ ಕೈಯಿಟ್ಟು ಹಸಿರು ದೀಪ ಹಚ್ಚಿಸುತ್ತೇನೆ. ನನ್ನ ಪುಕ್ಕಲುತನ ಊರಿಗೆಲ್ಲ ಗೊತ್ತಾಗುತ್ತದೆ, ನನ್ನ ದೋಣಿಯೂ ಹೋದೀತು. ಹೋಗಲಿ.

ಮಕ್ಕಳ ಹೆದರಿಕೆಯನ್ನು ಅಳೆಯುವುದು ನಿಮ್ಮ ಕಾಲದಲ್ಲೂ ಇತ್ತಂತೆ. ಬೇಡ ಎನ್ನಲು ನಾನ್ಯಾರು, ಅಳೆಯಿರಿ. ಆದರೆ ಮಗು ಬೆಚ್ಚಿದಾಗ ಅದಕ್ಕೊಂದು ಹೆಸರಿಡುವ ಮುಂಚೆ, ದಯವಿಟ್ಟು ನಿಮ್ಮ ಕೈ ತೆಗೆದು ಇನ್ನೊಮ್ಮೆ ದೀಪ ಹಚ್ಚಿ.

ಮುಕ್ತಾಬಾಯಿ