ಉಝ್ಮಾಳ ಇಂಗ್ಲಿಷ್

ಕಕ್ಕಿಂಜೆ

ಪ್ರೀತಿಯ ಮಗ ಫಯಾಝ್‌ಗೆ, ಅಸ್ಸಲಾಮು ಅಲೈಕುಂ.

ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ದುಬೈಗೆ ಹೊರಟಿರುವ ಝುಬೈರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಮ್ಮ ಅಡಿಕೆ ಹಾಳೆಯ ತಟ್ಟೆ ಕೊಳ್ಳಲು ನೋಡುತ್ತಿದ್ದ ಅಲ್ಲಿನ ಹೋಟೆಲಿನವರು ಸೋಮವಾರ ವಿಡಿಯೋ ಕಾಲ್ ಮಾಡಿದ್ದರು. ಉಝ್ಮಾ ಮಾತಾಡುವುದು ಬೇಡ, ನಾನೇ ಮಾತಾಡುತ್ತೇನೆ ಎಂದು ನೀನು ಹೇಳಿದ್ದೆ. ಆದರೆ ಆ ಹೊತ್ತಿಗೆ ನೀನು ಫೋನಿಗೆ ಸಿಗಲಿಲ್ಲ. ನಿನ್ನ ಹೆಂಡತಿ ಉಝ್ಮಾಳೇ ಮಾತಾಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ.

ಬೇರೆ ಕಂಪನಿಯ ತಟ್ಟೆ ಚೀಪರ್ ಎಂದರು ಅವರು. ಉಝ್ಮಾ ಹೌದೆಂದು ಒಪ್ಪಿಕೊಂಡಳು. ಆಮೇಲೆ ನಮ್ಮ ತಟ್ಟೆಗೆ ಬಿಸಿ ಸಾರು ಸುರಿದು, ಒಂದೇ ಕೈಯಲ್ಲಿ ಎತ್ತಿ ಹಿಡಿದು, "ಅವರ್ಸ್ ಈಸ್ ಸ್ಟ್ರಾಂಗರ್, ಸರ್" ಎಂದಳು. ತಟ್ಟೆ ಬಾಗಲಿಲ್ಲ, ಅವಳ ಸ್ವರವೂ ನಡುಗಲಿಲ್ಲ. ನಾನು ಇಂಗ್ಲಿಷ್ ಕಲಿತವಳಲ್ಲ, ಆದರೂ ಆ ಮಾತು ನನಗೆ ಪೂರ್ತಿ ಅರ್ಥವಾಯಿತು.

ಕಾಲ್ ಮುಗಿದ ಮೇಲೆ, "ಅವರದ್ದು ಹಾಳು ಅಂತ ಹೇಳ್ಬಹುದಿತ್ತಲ್ಲ ಮಗಳೇ?" ಎಂದು ಕೇಳಿದೆ.

"ಬೇಡ ಉಮ್ಮ. ಬೇರೆಯವರದ್ದು ಬ್ಯಾಡ್ ಅಂದ್ರೆ ನಾವೇ ಸಣ್ಣವರಾಗ್ತೇವೆ. ನಮ್ಮದು ಬೆಟರ್ ಅಂದ್ರೆ ಸಾಕು. ಬೆಳ್ತಂಗಡಿಯ ಇಂಗ್ಲಿಷ್ ಕ್ಲಾಸಲ್ಲಿ ಅನಂತಮತಿ ಟೀಚರ್ ಅದನ್ನೇ ಕಲಿಸಿದ್ದು" ಎಂದಳು.

ಆರ್ಡರ್ ಸಿಕ್ಕಿತು. ಮುಂದಿನ ತಿಂಗಳು ಹೋಟೆಲಿನವರು ನಮ್ಮ ಶೆಡ್ ನೋಡಲು ಬರುತ್ತಾರೆ. ಆಗ ನೀನೂ ರಜೆ ಹಾಕಿ ಬಾ. ಮಾತು ಉಝ್ಮಾ ಆಡುತ್ತಾಳೆ. ಚಹಾ ನೀನು ಕೊಡು.

ನಿನ್ನ ಉಮ್ಮ,
ಬೀಬಿ